ಇಂಗ್ಲೆಂಡಿನ ಮರದ ಚೌಕಟ್ಟಿನ ಹಳೆಯ ಬಾರ್ನ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಓಡಾಡಿದವರು ಹೊಲದ ಅಂಚಿನಲ್ಲಿ ನಿಂತಿರುವ ಉದ್ದನೆಯ, ಕಪ್ಪು ಹಲಗೆಯ, ಕಡಿದಾದ ಚಾವಣಿಯ ಕಟ್ಟಡಗಳನ್ನು ನೋಡಿಯೇ ಇರುತ್ತಾರೆ. ಅವುಗಳ ಬಗ್ಗೆ ವಾಸ್ತುಶಿಲ್ಪದ ವಿದ್ಯಾರ್ಥಿಗಳು, ಮರಗೆಲಸ ಬಲ್ಲವರು ಮತ್ತು ಪ್ರವಾಸಿಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಹೆಚ್ಚಿನ ಉದಾಹರಣೆಗಳು ದಕ್ಷಿಣ ಮತ್ತು ಪೂರ್ವ ಇಂಗ್ಲೆಂಡಿನವು, ಏಕೆಂದರೆ ಅತಿ ಹಳೆಯವು ಅಲ್ಲೇ ಉಳಿದಿವೆ.

ಬಾರ್ನ್ ಎಂದರೆ ದನದ ಕೊಟ್ಟಿಗೆಯೇ?

ಅಲ್ಲ. ದನ, ಕುದುರೆ, ಹಂದಿಗಳಿಗೆ ಬೇರೆ ಕಟ್ಟಡಗಳಿದ್ದವು. ಬಾರ್ನ್ ಇದ್ದದ್ದು ಬೆಳೆಗಾಗಿ. ಕೊಯ್ದ ಗೋಧಿ, ಬಾರ್ಲಿ, ಓಟ್ಸ್‌ಗಳ ಸಿವುಡುಗಳನ್ನು ತೆನೆಸಮೇತ ತಂದು ಒಳಗೆ ಒಟ್ಟುತ್ತಿದ್ದರು. ಆಮೇಲೆ ಅದೇ ಸೂರಿನಡಿ ಬಡಿದು ಕಾಳು ಬಿಡಿಸುತ್ತಿದ್ದರು. ಕಾಳಾದ ಮೇಲೆ ಧಾನ್ಯಕ್ಕೆ ಅಲ್ಲಿ ಜಾಗವಿರಲಿಲ್ಲ. ಅದು ಮಾರುಕಟ್ಟೆಗೋ ಗಿರಣಿಗೋ ಹೋಗುತ್ತಿತ್ತು, ಇಲ್ಲವೇ ಪಕ್ಕದ ಕಣಜಕ್ಕೆ ಸೇರುತ್ತಿತ್ತು. ಇಲಿ ಹತ್ತದಿರಲೆಂದು ಈ ಕಣಜಗಳನ್ನು ಕೊಡೆಯಾಕಾರದ ಕಲ್ಲುಗಳ ಮೇಲೆ ಎತ್ತರಿಸಿ ಕಟ್ಟುತ್ತಿದ್ದರು.

ಹೀಗಾಗಿ ಬಾರ್ನ್ ಎಂದರೆ ಬಣವೆಯೂ ಕಣವೂ ಒಂದೇ ಸೂರಿನಡಿ ಬಂದಿರುವ ಜಾಗ. ಮುಂದಿನ ಉತ್ತರಗಳೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿವೆ. ಬಾರ್ನ್‌ನ ಎತ್ತರ, ಬಾಗಿಲು, ಕಂಬಗಳ ಅಂತರ, ಗೋಡೆಯ ಸಂದು ಎಲ್ಲವನ್ನೂ ಆ ಕೆಲಸವೇ ನಿರ್ಧರಿಸಿದೆ.

ಒಕ್ಕಣೆಯನ್ನು ಬಯಲಿನಲ್ಲೇ ಮಾಡಬಹುದಿತ್ತಲ್ಲವೇ?

ನಮ್ಮಲ್ಲಿ ಸುಗ್ಗಿಯ ನಂತರ ತಿಂಗಳುಗಟ್ಟಲೆ ಒಣ ಹವೆ. ಬಯಲಲ್ಲಿ ನೆಲ ಸಾರಿಸಿ ಕಣ ಮಾಡಿದರೆ ಸಾಕು. ಇಂಗ್ಲೆಂಡಿನಲ್ಲಿ ಕೊಯ್ಲು ಆಗಸ್ಟ್‌, ಸೆಪ್ಟೆಂಬರಿನಲ್ಲಿ. ಮಳೆ ಯಾವ ದಿನವೂ ಬರಬಹುದು. ಬೆಳೆಯನ್ನು ಬೇಗ ಬೇಗ ಒಳಗೆ ಸೇರಿಸುವುದಕ್ಕೇ ಕೈಗಳು ಸಾಲುತ್ತಿರಲಿಲ್ಲ. ಒಕ್ಕುವ ಕೆಲಸ ಹೊಲದಲ್ಲಿ ಬೇರೆ ದುಡಿಮೆ ಇಲ್ಲದ ಚಳಿಗಾಲಕ್ಕೆ ಮೀಸಲು. ನವೆಂಬರಿನಿಂದ ವಸಂತದವರೆಗೆ, ಹೊರಗೆ ಹಿಮ ಬೀಳುತ್ತಿದ್ದಾಗ, ಒಳಗೆ ಕೋಲಿನ ಸದ್ದು. ಸಿವುಡುಗಳಿಗೆ ಒಣ ಜಾಗ ಬೇಕು, ಬಡಿಯುವವರಿಗೆ ಸೂರು ಬೇಕು, ತೂರುವುದಕ್ಕೆ ಗಾಳಿ ಬೇಕು. ಮೂರನ್ನೂ ಒಂದೇ ಕಟ್ಟಡ ಒದಗಿಸಬೇಕಾಗಿತ್ತು.

ಎಲ್ಲ ಬೆಳೆಯೂ ಒಳಗೇ ಇರುತ್ತಿತ್ತು ಎಂದೇನಲ್ಲ. ಹೆಚ್ಚಾದದ್ದನ್ನು ಹೊರಗೆ ಬಣವೆ ಒಟ್ಟಿ, ಹುಲ್ಲು ಹೊದಿಸಿ ಇಡುತ್ತಿದ್ದರು.

ಒಳಗೆ ಕೆಲಸ ಹೇಗೆ ನಡೆಯುತ್ತಿತ್ತು?

ಉದ್ದನೆಯ ಕಟ್ಟಡದ ನಡುಭಾಗದಲ್ಲಿ ಎರಡು ಬಾಗಿಲುಗಳು ಎದುರು ಬದುರಾಗಿ ಇರುತ್ತವೆ. ಒಂದು ಬಹಳ ಎತ್ತರ. ಮೇಲುಮಟ್ಟ ತುಂಬಿದ ಬಂಡಿ ಕುದುರೆಸಮೇತ ಒಳಗೆ ಬರಬೇಕು. ಅದಕ್ಕಾಗಿ ಚಾವಣಿಯನ್ನು ಕತ್ತರಿಸಿ ಮುಂದಕ್ಕೆ ಚಾಚಿದ ಮುಖಮಂಟಪವನ್ನೇ ಕಟ್ಟಿರುತ್ತಾರೆ. ಎದುರಿನ ಬಾಗಿಲು ಎಷ್ಟೋ ಕಡೆ ತಗ್ಗು, ಏಕೆಂದರೆ ಅದರಲ್ಲಿ ಹೊರಹೋಗುವುದು ಖಾಲಿ ಬಂಡಿ. ಈ ಎರಡು ಬಾಗಿಲುಗಳ ನಡುವಿನ ನೆಲವೇ ಕಣ. ಕೆಲವೆಡೆ ದಪ್ಪ ಓಕ್ ಹಲಗೆ ಹಾಸಿರುತ್ತಾರೆ, ಕೆಲವೆಡೆ ಗಟ್ಟಿಸಿದ ಮಣ್ಣು. ಎಡಬಲದ ಅಂಕಣಗಳಲ್ಲಿ ಸಿವುಡುಗಳು ಚಾವಣಿಯವರೆಗೂ.

ಬಡಿಯುವ ಕೋಲು ಎರಡು ತುಂಡಿನದು. ಉದ್ದನೆಯ ಹಿಡಿ ಸಾಮಾನ್ಯವಾಗಿ ಆಶ್ ಮರದ್ದು. ಅದರ ತುದಿಗೆ ಚರ್ಮದ ಪಟ್ಟಿಯಿಂದ ಕಟ್ಟಿದ ಗಿಡ್ಡ ಕೋಲು ಹಾಲಿ ಎಂಬ ಮರದಂಥ ಗಟ್ಟಿ ಮರದ್ದು. ಇಬ್ಬರು ಎದುರು ಬದುರು ನಿಂತು ಸರದಿಯಲ್ಲಿ ಬೀಸುತ್ತಾರೆ. ಗಿಡ್ಡ ಕೋಲು ತಲೆಯ ಮೇಲೆ ಸುತ್ತಿ ತೆನೆಗಳ ಮೇಲೆ ಅಡ್ಡಡ್ಡಲಾಗಿ ಬೀಳಬೇಕು. ಬೀಸುವುದಕ್ಕೆ ಮೇಲೆ ಎತ್ತರ ಬೇಕು, ಪಕ್ಕಕ್ಕೆ ಅಗಲ ಬೇಕು. ಕಾಳು ಉದುರಿದ ಮೇಲೆ ಹುಲ್ಲನ್ನು ಎತ್ತಿ ಹಾಕಿ, ಎರಡೂ ಬಾಗಿಲು ತೆರೆದು, ಮಧ್ಯೆ ಹಾಯುವ ಗಾಳಿಗೆ ತೂರುತ್ತಾರೆ. ಹೊಟ್ಟು ಹಾರಿಹೋಗುತ್ತದೆ, ಕಾಳು ಕಾಲಡಿಯಲ್ಲಿ ರಾಶಿಯಾಗುತ್ತದೆ. ಬಾಗಿಲಿನ ಕೆಳಭಾಗಕ್ಕೆ ಮೊಣಕಾಲೆತ್ತರದ ಹಲಗೆಗಳನ್ನು ಸಿಕ್ಕಿಸಿ ಕಾಳು ಹೊರಗೆ ಸಿಡಿಯದಂತೆ, ಕೋಳಿ ಹಂದಿಗಳು ಒಳಗೆ ನುಗ್ಗದಂತೆ ತಡೆಯುತ್ತಿದ್ದರು. ಆ ಹಲಗೆಗಳಿಗಾಗಿ ಬಾಗಿಲಕಂಬದಲ್ಲಿ ತೋಡಿದ ಉದ್ದನೆಯ ಗುಳಿಗಳು ಇಂದಿಗೂ ಹಲವು ಬಾರ್ನ್‌ಗಳಲ್ಲಿ ಕಾಣುತ್ತವೆ.

ಗೋಡೆಗಳು ಭಾರ ಹೊರುವುದಿಲ್ಲ ಎನ್ನುತ್ತಾರೆ. ಹಾಗಾದರೆ ಚಾವಣಿಯನ್ನು ಹೊತ್ತಿರುವುದು ಯಾವುದು?

ಮರದ ಚೌಕಟ್ಟು. ಒಳಗೆ ಎರಡು ಸಾಲು ಎತ್ತರದ ಕಂಬಗಳಿರುತ್ತವೆ. ಎದುರು ಬದುರಿನ ಎರಡು ಕಂಬಗಳ ತಲೆಯನ್ನು ಒಂದು ಅಡ್ಡತೊಲೆ ಬಿಗಿಯುತ್ತದೆ. ಒಂದೇ ಸಾಲಿನ ಕಂಬಗಳನ್ನೆಲ್ಲ ಕಟ್ಟಡದ ಉದ್ದಕ್ಕೂ ಓಡುವ ಉದ್ದತೊಲೆ ಹಿಡಿದಿಡುತ್ತದೆ. ಕಂಬ ಮತ್ತು ತೊಲೆ ಕೂಡುವ ಮೂಲೆಗಳಲ್ಲಿ ಬಾಗಿದ ಓರೆಗೋಲುಗಳು. ಬಿರುಗಾಳಿಗೆ ಇಡೀ ಕಟ್ಟಡ ಒಂದು ಬದಿಗೆ ವಾಲದಂತೆ ತಡೆಯುವವು ಇವೇ. ತೊಲೆಗಳ ಮೇಲೆ ಪಕಾಸಿಗಳು, ಅವುಗಳ ಮೇಲೆ ರೀಪು, ಮೇಲೆ ಹೆಂಚು ಅಥವಾ ಹುಲ್ಲು.

ಒಂದು ಜೋಡಿ ಕಂಬದಿಂದ ಇನ್ನೊಂದು ಜೋಡಿಯವರೆಗಿನ ಜಾಗ ಒಂದು ಅಂಕಣ. ಸಾಮಾನ್ಯವಾಗಿ ಅದು 15ರಿಂದ 18 ಅಡಿ. ಸಣ್ಣ ರೈತನ ಬಾರ್ನ್ ಮೂರು ಅಂಕಣದ್ದು: ನಡುವೆ ಕಣ, ಎರಡೂ ಕಡೆ ಬೆಳೆ. ಮಠಗಳ ಬಾರ್ನ್‌ಗಳಲ್ಲಿ ಕೆಲವು ಹತ್ತು ಹನ್ನೆರಡು ಅಂಕಣದವು.

ಈ ಎರಡು ಸಾಲು ಕಂಬಗಳ ಆಚೆಗೆ ಚಾವಣಿ ಇನ್ನೂ ಕೆಳಕ್ಕೆ ಇಳಿದು, ಇಕ್ಕೆಲಗಳಲ್ಲಿ ತಗ್ಗಾದ ಪಕ್ಕಸಾಲುಗಳನ್ನು ಹೊದಿಸುತ್ತದೆ. ಅಷ್ಟು ಅಗಲವನ್ನು ಒಂದೇ ತೊಲೆಯಿಂದ ದಾಟಿಸುವ ಮರ ಸಿಗುವುದು ಕಷ್ಟ. ನಡುವೆ ಕಂಬ ಕೊಟ್ಟರೆ ಮಧ್ಯಮ ಗಾತ್ರದ ಮರಗಳಿಂದಲೇ 12 ಮೀಟರ್ ಅಗಲದ ಕಟ್ಟಡ ಎದ್ದು ನಿಲ್ಲುತ್ತದೆ. ಒಳಗೆ ನಿಂತವರಿಗೆ ಚರ್ಚಿನ ನೆನಪಾಗುವುದು ಇದೇ ಕಾರಣಕ್ಕೆ: ನಡುಸಾಲು, ಇಕ್ಕೆಲದ ಪಕ್ಕಸಾಲು, ಮೇಲೆ ಕತ್ತಲಿನಲ್ಲಿ ಕರಗುವ ಎತ್ತರ.

ಕ್ರಕ್ ಎಂಬ ಬಗೆಯೂ ಇದೆಯಲ್ಲ, ಅದೇನು?

ಅಲ್ಲಿ ನೆಟ್ಟನೆಯ ಕಂಬಗಳಿಲ್ಲ. ಸಹಜವಾಗಿ ಬಾಗಿದ ದೊಡ್ಡ ಮರವನ್ನು ಉದ್ದಕ್ಕೆ ಸೀಳಿದರೆ ಒಂದೇ ಬಾಗಿನ ಎರಡು ತೊಲೆ ಸಿಗುತ್ತವೆ. ಅವನ್ನು ಎದುರು ಬದುರಾಗಿ ನೆಲದಿಂದ ಎತ್ತಿ, ತುದಿಗಳನ್ನು ನೆತ್ತಿಯಲ್ಲಿ ಕೂಡಿಸುತ್ತಾರೆ. ಗೋಡೆಯ ಕಂಬವೂ ಚಾವಣಿಯ ಆಧಾರವೂ ಒಂದೇ ಮರ. ವುಸ್ಟರ್‌ಷೈರಿನ ಲೈ ಕೋರ್ಟ್ ಬಾರ್ನ್ ಬ್ರಿಟನ್ನಿನ ಅತಿ ದೊಡ್ಡ ಕ್ರಕ್ ಕಟ್ಟಡ. 14ನೇ ಶತಮಾನದಲ್ಲಿ ಪರ್ಶೋರ್ ಮಠಕ್ಕಾಗಿ ಕಟ್ಟಿದ್ದು. ಅದರ ಒಂದೊಂದು ಬಾಗುತೊಲೆಗೂ ಒಂದೊಂದು ಇಡೀ ಓಕ್ ಮರ ಬಳಕೆಯಾಗಿದೆ.

ಕ್ರಕ್ ಕಟ್ಟಡಗಳು ಇಂಗ್ಲೆಂಡಿನ ಪಶ್ಚಿಮ, ಉತ್ತರ ಮತ್ತು ಮಧ್ಯಭಾಗಗಳಲ್ಲಿ ಹೇರಳ. ಪೂರ್ವ ಮತ್ತು ಆಗ್ನೇಯದ ಎಸೆಕ್ಸ್, ಕೆಂಟ್, ಈಸ್ಟ್ ಆಂಗ್ಲಿಯಾ ಕಡೆ ಇಲ್ಲವೆನ್ನುವಷ್ಟು ವಿರಳ. ಕಾರಣದ ಬಗ್ಗೆ ವಿದ್ವಾಂಸರು ದಶಕಗಳಿಂದ ವಾದಿಸುತ್ತಲೇ ಇದ್ದಾರೆ.

ಈಗ ಉಳಿದಿರುವವುಗಳಲ್ಲಿ ಅತಿ ಹಳೆಯವು ಎಲ್ಲಿವೆ?

ಎಸೆಕ್ಸ್‌ನ ಕ್ರೆಸಿಂಗ್ ಟೆಂಪಲ್‌ನಲ್ಲಿ. 1137ರಲ್ಲಿ ರಾಜ ಸ್ಟೀಫನ್‌ನ ಪತ್ನಿ ಮಟಿಲ್ಡಾ ಈ ಜಮೀನನ್ನು ಟೆಂಪ್ಲರ್ ಯೋಧಸನ್ಯಾಸಿಗಳಿಗೆ ದಾನ ಕೊಟ್ಟಳು. ಜೆರುಸಲೇಮ್ ಕಡೆಯ ಅವರ ಯುದ್ಧಗಳ ಖರ್ಚಿಗೆ ಹಣ ಬರುತ್ತಿದ್ದದ್ದು ಇಂಥ ಹೊಲಗಳ ಆದಾಯದಿಂದ. ಅಲ್ಲಿ ಎರಡು ಬಾರ್ನ್‌ಗಳು ಒಂದೇ ಅಂಗಳದಲ್ಲಿ ನಿಂತಿವೆ. ಬಾರ್ಲಿ ಬಾರ್ನ್‌ನ ಮರಗಳನ್ನು ಕಡಿದದ್ದು 1205 ಮತ್ತು 1230ರ ನಡುವೆ, ಗೋಧಿ ಬಾರ್ನ್‌ನ ಮರಗಳನ್ನು 1257 ಮತ್ತು 1280ರ ನಡುವೆ. 1312ರಲ್ಲಿ ಟೆಂಪ್ಲರ್ ಪಂಥವನ್ನೇ ರದ್ದುಮಾಡಿದ ಮೇಲೆ ಜಮೀನು ಅಂಥದ್ದೇ ಇನ್ನೊಂದು ಪಂಥವಾದ ಹಾಸ್ಪಿಟಲರ್‌ಗಳಿಗೆ ಹೋಯಿತು. 1987ರಲ್ಲಿ ಎಸೆಕ್ಸ್ ಕೌಂಟಿ ಕೌನ್ಸಿಲ್ ಅದನ್ನು ಕೊಂಡುಕೊಂಡಿತು. ಅಂದರೆ ಏಳುನೂರು ವರ್ಷಗಳಿಗೂ ಹೆಚ್ಚು ಕಾಲ ಅವು ದುಡಿಯುವ ಹೊಲದ ಭಾಗವಾಗಿಯೇ ಇದ್ದವು.

ಎರಡನ್ನೂ ಒಂದಾದ ಮೇಲೊಂದು ನೋಡುವುದು ಒಂದು ದೊಡ್ಡ ಪಾಠ. ಬಾರ್ಲಿ ಬಾರ್ನ್‌ನಲ್ಲಿ ಬಡಗಿ ಇನ್ನೂ ಮರದ ಮೇಲೆ ಮರ ಹಾಯಿಸಿ, ಕಚ್ಚು ಕೊಟ್ಟು ಕೂಡಿಸುವ ಹಳೆಯ ಪದ್ಧತಿಯಲ್ಲಿದ್ದಾನೆ. ಅರ್ಧ ಶತಮಾನದ ನಂತರದ ಗೋಧಿ ಬಾರ್ನ್‌ನಲ್ಲಿ ಕೈ ಪಳಗಿದೆ, ಲೆಕ್ಕ ಖಚಿತವಾಗಿದೆ, ಓರೆಗೋಲುಗಳ ಜಾಲ ಎಷ್ಟು ಕ್ರಮಬದ್ಧವೆಂದರೆ ಒಂದು ತುದಿಯಲ್ಲಿ ನಿಂತು ನೋಡಿದರೆ ಎಲ್ಲವೂ ಒಂದರ ಹಿಂದೊಂದು ಮರೆಯಾಗುತ್ತವೆ. ಕಂಬಗಳ ನಡುವಿನ ಇಟ್ಟಿಗೆ ಗೋಡೆ ಮಾತ್ರ ಬಹಳ ತಡವಾಗಿ ಬಂದದ್ದು.

ಮರ ಒಣಗುವ ಮೊದಲೇ ಕಟ್ಟುತ್ತಿದ್ದರಂತೆ. ಬಿರುಕು ಬಿಡುವುದಿಲ್ಲವೇ?

ಬಿಡುತ್ತದೆ, ಸೊಟ್ಟಗೂ ಆಗುತ್ತದೆ. ಬಡಗಿಗೆ ಅದು ಮೊದಲೇ ಗೊತ್ತಿತ್ತು. ಓಕ್ ಹಸಿಯಾಗಿದ್ದಾಗ ಕೊಡಲಿಗೆ, ಉಳಿಗೆ ಸುಲಭವಾಗಿ ಬಗ್ಗುತ್ತದೆ. ಒಣಗಿದ ಮೇಲೆ ಅದನ್ನು ಕೆತ್ತುವುದು ಕಬ್ಬಿಣ ಕೆತ್ತಿದ ಹಾಗೆ. ದಪ್ಪ ತೊಲೆ ಒಳಗಿನವರೆಗೆ ಒಣಗಲು ಹಲವು ವರ್ಷ ಬೇಕು. ಅಷ್ಟು ಕಾಯುವ ರೈತ ಯಾರಿದ್ದಾನೆ? ಹೀಗಾಗಿ ಕಡಿದ ವರ್ಷ ಅಥವಾ ಮರುವರ್ಷವೇ ಕಟ್ಟಿಬಿಡುತ್ತಿದ್ದರು.

ಮರ ಒಣಗುವಾಗ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಆದ್ದರಿಂದ ಚೌಕಟ್ಟಿನ ಅಳತೆ ಕೆಡುವುದಿಲ್ಲ. ತೊಲೆಯ ಮೇಲೆ ಕೈ ಹೋಗುವಷ್ಟು ಉದ್ದನೆಯ ಸೀಳು ಕಂಡು ಗಾಬರಿಪಡುವವರು ಬಹಳ. ಉದ್ದುದ್ದಕ್ಕೆ ಬಿಟ್ಟ ಬಿರುಕು ಸಾಮಾನ್ಯವಾಗಿ ನಿರಪಾಯ. ಅದಕ್ಕೆ ಸಿಮೆಂಟೋ ರಾಳವೋ ತುಂಬುವುದು ಬೇಡ.

ಇನ್ನೊಂದು ತಪ್ಪು ಕಲ್ಪನೆಯೆಂದರೆ ಇವಕ್ಕೆಲ್ಲ ನೂರಾರು ವರ್ಷದ ಹೆಮ್ಮರಗಳನ್ನು ಕಡಿದರು ಎಂಬುದು. ದೊಡ್ಡ ಕಂಬಗಳಿಗೆ ದೊಡ್ಡ ಮರ ಬೇಕಾಗಿತ್ತು, ನಿಜ. ಪಕಾಸಿ, ಓರೆಗೋಲುಗಳಿಗೆ ಎಳೆಯ ಮರಗಳೇ ಸಾಕು. ಬೇಕಾದ ದಪ್ಪಕ್ಕೆ ಸರಿಹೊಂದುವ ಮರವನ್ನೇ ಆರಿಸಿ ನಾಲ್ಕು ಬದಿ ಚೌಕಮಾಡಿ ಬಳಸುತ್ತಿದ್ದರು. ಓರೆಗೋಲಿಗೆ ಬಾಗಿ ಬೆಳೆದ ಮರವನ್ನೇ ಹುಡುಕುತ್ತಿದ್ದರು, ಏಕೆಂದರೆ ನೆಟ್ಟನೆಯ ಮರವನ್ನು ಬಾಗಿಗೆ ಕತ್ತರಿಸಿದರೆ ನಾರು ತುಂಡಾಗಿ ಬಲ ಹೋಗುತ್ತದೆ.

ಕಬ್ಬಿಣದ ಮೊಳೆಯಿಲ್ಲದೆ ಮರಗಳು ಕೂಡುವ ಸಂದುಗಳು ಹೇಗೆ ನಿಂತಿವೆ?

ಈ ಕಟ್ಟಡಗಳ ಜೀವವೇ ಇಲ್ಲಿದೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಂದು ಮರದ ತುದಿಯನ್ನು ತೆಳ್ಳಗೆ ನಾಲಗೆ ಮಾಡಿ ಕೆತ್ತುತ್ತಾರೆ. ಇನ್ನೊಂದರಲ್ಲಿ ಅಷ್ಟೇ ಅಗಲದ ಗುಳಿ ತೋಡುತ್ತಾರೆ. ನಾಲಗೆಯನ್ನು ಗುಳಿಯೊಳಗೆ ಕೂರಿಸಿ, ಎರಡನ್ನೂ ಹಾಯುವ ತೂತಿಗೆ ಓಕ್‌ನ ಮರದ ಮೊಳೆ ಬಡಿಯುತ್ತಾರೆ. ಬಡಗಿಯ ಜಾಣ್ಮೆ ಇರುವುದು ಆ ತೂತಿನಲ್ಲಿ. ಗುಳಿಯ ಬದಿಯ ತೂತು ಮತ್ತು ನಾಲಗೆಯ ತೂತು ಒಂದೇ ನೇರಕ್ಕೆ ಇರುವುದಿಲ್ಲ. ನಾಲಗೆಯ ತೂತನ್ನು ಬೇಕೆಂದೇ ಕೂದಲೆಳೆಯಷ್ಟು ನಾಲಗೆಯ ಬುಡದ ಕಡೆಗೆ ಸರಿಸಿ ಕೊರೆದಿರುತ್ತಾರೆ. ಒಣಗಿದ ಮೊಳೆಯನ್ನು ಬಡಿದಾಗ ಅದು ವಾರೆಯಾಗಿ ಬಾಗುತ್ತಾ ಹೋಗಿ ನಾಲಗೆಯನ್ನು ಒಳಕ್ಕೆ ಎಳೆದು ಬಿಗಿಯುತ್ತದೆ. ಹಸಿ ಮರ ಕುಗ್ಗಿದ ಮೇಲೂ ಆ ಎಳೆತ ಉಳಿಯುತ್ತದೆ. ಮೊಳೆಯ ಬಾಲವನ್ನು ಕತ್ತರಿಸದೆ ಹೊರಗೆ ಬಿಟ್ಟಿರುವುದನ್ನೂ ನೋಡಬಹುದು. ಮುಂದೆ ಸಡಿಲವಾದರೆ ಇನ್ನೊಂದು ಏಟು ಹಾಕಲೆಂದು.

ಕಂಬದ ತಲೆಯ ಸಂದು ಇನ್ನೂ ಸೊಗಸು. ಅಲ್ಲಿ ಕಂಬ, ಉದ್ದತೊಲೆ, ಅಡ್ಡತೊಲೆ ಮೂರೂ ಒಂದೇ ಜಾಗದಲ್ಲಿ ಕೂಡಬೇಕು, ಮೇಲಿಂದ ಪಕಾಸಿಯ ಒತ್ತಡವೂ ಬರುತ್ತದೆ. ಅದಕ್ಕಾಗಿ ಕಂಬದ ತಲೆಯನ್ನು ಬುಡಕ್ಕಿಂತ ದಪ್ಪಗೆ ಬಿಟ್ಟಿರುತ್ತಾರೆ. ದಪ್ಪನೆಯ ತಲೆಯಲ್ಲಿ ಎರಡು ನಾಲಗೆಗಳು: ಒಂದು ಉದ್ದತೊಲೆಗೆ, ಇನ್ನೊಂದು ಅದರ ಮೇಲೆ ಹಾಯುವ ಅಡ್ಡತೊಲೆಗೆ. ಅಡ್ಡತೊಲೆಯ ತಳದಲ್ಲಿ ಒಂದು ಬದಿ ಅಗಲ, ಒಂದು ಬದಿ ಕಿರಿದಾದ ಕಚ್ಚು ಕೆತ್ತಿ ಉದ್ದತೊಲೆಯ ಮೇಲೆ ಕೂರಿಸುತ್ತಾರೆ. ಚಾವಣಿ ಗೋಡೆಗಳನ್ನು ಹೊರಕ್ಕೆ ತಳ್ಳಲು ನೋಡಿದಷ್ಟೂ ಆ ಕಚ್ಚು ಬಿಗಿಯಾಗುತ್ತದೆ. ದಪ್ಪ ತಲೆ ಸಿಗಲೆಂದು ಮರವನ್ನು ಬುಡಮೇಲಾಗಿ ನಿಲ್ಲಿಸುತ್ತಿದ್ದರು. ಬೇರಿನ ಕಡೆ ಮರ ಸಹಜವಾಗಿಯೇ ಅಗಲವಾಗಿರುತ್ತದಲ್ಲವೇ.

ಐವತ್ತು ಮೀಟರ್ ಉದ್ದದ ಮರ ಎಲ್ಲೂ ಸಿಗದು. ಉದ್ದತೊಲೆಯನ್ನು ತುಂಡುಗಳಿಂದಲೇ ಜೋಡಿಸಬೇಕು. ಆ ಜೋಡಣೆಯ ಕಚ್ಚುಗಳು ಕಾಲದಿಂದ ಕಾಲಕ್ಕೆ ಬದಲಾದವು: 13ನೇ ಶತಮಾನದಲ್ಲಿ ಓರೆಯಾಗಿ ಸೀಳಿ ಹೊಂದಿಸುವ ಕ್ರಮ, ಮುಂದೆ ಅರ್ಧರ್ಧ ಕೆತ್ತಿ ತುದಿಗಳನ್ನು ಒಂದರೊಳಗೊಂದು ಸಿಕ್ಕಿಸುವ ಕ್ರಮ. ಸೆಸಿಲ್ ಹ್ಯೂವೆಟ್ ಎಂಬ ವಿದ್ವಾಂಸರು ಎಸೆಕ್ಸ್‌ನ ಬಾರ್ನ್‌ಗಳಲ್ಲಿ ಮತ್ತು ಚರ್ಚುಗಳಲ್ಲಿ ಈ ಸಂದುಗಳನ್ನು ಚಿತ್ರ ಬರೆದು ದಾಖಲಿಸಿ, ಸಂದುಗಳನ್ನು ನೋಡಿಯೇ ಕಟ್ಟಡದ ಕಾಲವನ್ನು ಅಂದಾಜು ಮಾಡಬಹುದೆಂದು ವಾದಿಸಿದರು. ಅವರು ಹೇಳಿದ ಕೆಲವು ಕಾಲಗಳು ಈಚೆಗೆ ಬದಲಾಗಿವೆ. ಆದರೂ ಬಾರ್ನ್ ಎಂದರೆ ಹಳೆಯ ಸಾಮಾನು ತುಂಬುವ ಗೂಡಲ್ಲ, ಬಡಗಿಗಳ ವಿದ್ಯೆಯ ಭಂಡಾರ ಎಂದು ಜನರಿಗೆ ಮನವರಿಕೆ ಮಾಡಿಸಿದವರಲ್ಲಿ ಅವರು ಪ್ರಮುಖರು.

ಕಂಬ, ತೊಲೆಗಳ ಮೇಲೆ ಕೆತ್ತಿರುವ ಗೆರೆಗಳೇನು?

ಎರಡು ಬಗೆ. ಮೊದಲನೆಯದು ಬಡಗಿಯ ಗುರುತು. ಚೌಕಟ್ಟನ್ನು ಕಟ್ಟುವ ಜಾಗದಲ್ಲಿ ಕೆತ್ತುತ್ತಿರಲಿಲ್ಲ. ಬಡಗಿಯ ಅಂಗಳದಲ್ಲಿ ಮರಗಳನ್ನು ನೆಲದ ಮೇಲೆ ಹಾಸಿ, ಒಂದೊಂದು ಸಂದನ್ನೂ ಹೊಂದಿಸಿ ನೋಡಿ, ಬಿಚ್ಚಿ, ಬಂಡಿಯಲ್ಲಿ ಸಾಗಿಸಿ, ಜಾಗದಲ್ಲಿ ಮತ್ತೆ ಎತ್ತಿ ನಿಲ್ಲಿಸುತ್ತಿದ್ದರು. ಕೈಯಿಂದ ಕೆತ್ತಿದ ನಾಲಗೆ ಅದರದೇ ಗುಳಿಗೆ ಮಾತ್ರ ಸರಿಹೊಂದುತ್ತದೆ, ಅದಲುಬದಲಾದರೆ ಕೆಲಸ ಕೆಟ್ಟಿತು. ಆದ್ದರಿಂದ ಕೂಡುವ ಎರಡೂ ಮರಗಳ ಮೇಲೆ ಒಂದೇ ಸಂಖ್ಯೆ, ಹೆಚ್ಚಾಗಿ ರೋಮನ್ ಅಂಕಿಗಳಲ್ಲಿ. ಉಳಿಯಿಂದ ನೇರ ಗೆರೆ ಎಳೆಯುವುದು ಸುಲಭವಲ್ಲವೇ.

ಎರಡನೆಯದು ನಂಬಿಕೆಯದು. ವೃತ್ತದೊಳಗೆ ಕೈವಾರದಿಂದ ಬರೆದ ಆರು ದಳದ ಹೂವು, ಬೇಕೆಂದೇ ದೀಪದ ಜ್ವಾಲೆ ಹಿಡಿದು ಸುಟ್ಟ ಹನಿಯಾಕಾರದ ಕಲೆಗಳು. ಕೆಡುಕು, ಬೆಂಕಿ, ಮಾಟ ತಾಗದಿರಲೆಂದು ಮಾಡಿದವು ಎಂದು ಬಹುತೇಕ ಸಂಶೋಧಕರ ಅಭಿಪ್ರಾಯ. ವರ್ಷದ ಅನ್ನವೆಲ್ಲ ಒಂದೇ ಕಟ್ಟಡದಲ್ಲಿದ್ದ ಮೇಲೆ ಆ ಭಯ ನನಗೆ ಪೂರ್ತಿ ಅರ್ಥವಾಗುತ್ತದೆ.

ಹಳೆಯ ಹಡಗುಗಳ ಮರದಿಂದ ಕಟ್ಟಿದ್ದು ಎನ್ನುತ್ತಾರಲ್ಲ?

ಸಮುದ್ರದಿಂದ ಐವತ್ತು ಮೈಲಿ ಒಳಗಿನ ಹಳ್ಳಿಯಲ್ಲೂ ಈ ಕಥೆ ಕೇಳಬಹುದು. ಬಕಿಂಗ್‌ಹ್ಯಾಂಷೈರಿನ ಜೋರ್ಡನ್ಸ್‌ನಲ್ಲಿರುವ ಬಾರ್ನ್ ಒಂದಕ್ಕೆ ವಲಸಿಗರನ್ನು ಅಮೆರಿಕಕ್ಕೆ ಒಯ್ದ ಮೇಫ್ಲವರ್ ಹಡಗಿನ ಹೆಸರೇ ಅಂಟಿಕೊಂಡಿದೆ. ಆದರೆ ಅದಕ್ಕೆ ಪುರಾವೆಯಿಲ್ಲ. ಕಥೆ ಹುಟ್ಟಲು ಕಾರಣ ಎರಡು. ತೊಲೆಗಳು ಬಾಗಿವೆ, ಮತ್ತು ಅವುಗಳಲ್ಲಿ ಯಾವ ಕೆಲಸಕ್ಕೂ ಬಾರದ ಖಾಲಿ ಗುಳಿಗಳಿವೆ. ಬಾಗು ಬೇಕೆಂದೇ ಆರಿಸಿದ್ದೆಂದು ಮೇಲೆ ಹೇಳಿದ್ದೇನೆ. ಖಾಲಿ ಗುಳಿಗಳ ವಿಷಯ: ಬಿದ್ದ ಮನೆ, ಹಳೆಯ ಬಾರ್ನ್‌ಗಳ ಮರವನ್ನು ಮತ್ತೆ ಬಳಸುವುದು ವಾಡಿಕೆಯಾಗಿತ್ತು. ಒಳ್ಳೆಯ ಓಕ್ ತೊಲೆಯನ್ನು ಯಾರೂ ಒಲೆಗೆ ಹಾಕುತ್ತಿರಲಿಲ್ಲ.

ಕಟ್ಟಿದ ವರ್ಷವನ್ನು ಅಷ್ಟು ನಿಖರವಾಗಿ ಹೇಗೆ ಹೇಳುತ್ತಾರೆ?

ಮರದ ಬೆಳವಣಿಗೆಯ ಉಂಗುರಗಳಿಂದ. ಒಳ್ಳೆಯ ವರ್ಷದಲ್ಲಿ ಉಂಗುರ ಅಗಲ, ಕೆಟ್ಟ ವರ್ಷದಲ್ಲಿ ಕಿರಿದು. ಪೆನ್ಸಿಲ್ ದಪ್ಪದ ಮಾದರಿ ಕೊರೆದು ತೆಗೆದು, ಉಂಗುರಗಳ ಅಗಲವನ್ನು ಅಳೆದು, ಕಾಲ ಗೊತ್ತಿರುವ ಓಕ್‌ಗಳ ಸರಣಿಯೊಂದಿಗೆ ಹೋಲಿಸುತ್ತಾರೆ. ತೊಗಟೆಯ ಅಂಚು ಉಳಿದಿದ್ದರೆ ಮರ ಕಡಿದ ಋತುವನ್ನೂ ಹೇಳಬಹುದು. ತೊಗಟೆ ಹೋಗಿದ್ದರೆ ಕ್ರೆಸಿಂಗ್‌ನಂತೆ ಇಪ್ಪತ್ತು, ಇಪ್ಪತ್ತೈದು ವರ್ಷಗಳ ಅವಧಿಯಷ್ಟೇ ಸಿಗುತ್ತದೆ.

ದೊಡ್ಡ ಬಾರ್ನ್‌ಗಳೆಲ್ಲ ಚರ್ಚಿನ ದಶಾಂಶಕ್ಕಾಗಿ ಕಟ್ಟಿದವೇ?

ಇಲ್ಲ. ಬೆಳೆಯ ಹತ್ತನೇ ಒಂದು ಪಾಲನ್ನು ಚರ್ಚಿಗೆ ಕೊಡುವ ಪದ್ಧತಿ ಇತ್ತು, ಅದನ್ನು ಕೂಡಿಡಲು ಬಾರ್ನ್‌ಗಳೂ ಇದ್ದವು. 1836ರ ಕಾಯಿದೆ ಆ ಪಾಲನ್ನು ನಗದಿಗೆ ಬದಲಿಸಿತು. ಆದರೆ ‘ಟೈದ್ ಬಾರ್ನ್’, ಅಂದರೆ ದಶಾಂಶದ ಬಾರ್ನ್, ಎಂಬ ಹೆಸರು ದೊಡ್ಡದಾಗಿ ಕಂಡ ಪ್ರತಿಯೊಂದಕ್ಕೂ ಅಂಟಿಕೊಂಡಿತು. ಮಠಗಳು ತಾವೇ ಸಾವಿರಾರು ಎಕರೆ ಉಳುಮೆ ಮಾಡಿಸುತ್ತಿದ್ದವು. ಅತಿ ದೊಡ್ಡ ಬಾರ್ನ್‌ಗಳಲ್ಲಿ ಬಹುಪಾಲು ಆ ಸ್ವಂತ ಬೆಳೆಗೆ ಕಟ್ಟಿದವು. ಆಕ್ಸ್‌ಫರ್ಡ್‌ಷೈರಿನ ಗ್ರೇಟ್ ಕಾಕ್ಸ್‌ವೆಲ್ ಬಾರ್ನ್ ಅಂಥದ್ದು. ಸಿಸ್ಟರ್ಶಿಯನ್ ಎಂಬ ಸನ್ಯಾಸಿ ಪಂಥದ ಬ್ಯೂಲಿ ಮಠ 1290ರ ಸುಮಾರಿಗೆ ಅದನ್ನು ಕಟ್ಟಿಸಿತು. ಹೊರಗಿನಿಂದ ಕಲ್ಲಿನ ಗೋಡೆ, ಒಳಗೆ ಆಳೆತ್ತರದ ಕಲ್ಲುಪೀಠಗಳ ಮೇಲೆ ನಿಂತ ಓಕ್ ಕಂಬಗಳು. ಹತ್ತಿರದ ಕೆಲ್ಮ್‌ಸ್ಕಾಟ್‌ನಲ್ಲಿ ವಾಸವಿದ್ದ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಅದನ್ನು ಕೆಥೆಡ್ರಲ್‌ನಷ್ಟೇ ಘನವಾದದ್ದು ಎಂದು ಕರೆದ.

ಹಾರ್ಮಂಡ್ಸ್‌ವರ್ತ್ ಬಾರ್ನ್ ಬಗ್ಗೆ ಅಷ್ಟೊಂದು ಮಾತು ಏಕೆ?

ಅದು ಇಂಗ್ಲೆಂಡಿನಲ್ಲಿ ಉಳಿದಿರುವ ಮಧ್ಯಯುಗದ ಮರದ ಬಾರ್ನ್‌ಗಳಲ್ಲಿ ಅತಿ ದೊಡ್ಡವುಗಳ ಸಾಲಿನದು, ಅತಿ ಕಡಿಮೆ ಬದಲಾವಣೆ ಕಂಡದ್ದು, ಮತ್ತು ಇನ್ನೊಂದು ಕಾರಣ ಅದು ನಿಂತಿರುವ ಜಾಗ. ಬೆಂಗಳೂರಿನಿಂದ ಹೊರಟ ವಿಮಾನ ಲಂಡನ್ನಿನ ಹೀತ್ರೂ ನಿಲ್ದಾಣದಲ್ಲಿ ಇಳಿದಾಗ ಉತ್ತರಕ್ಕೆ, ಬಹಳ ಹತ್ತಿರದಲ್ಲೇ ಅದಿದೆ.

ಹಳ್ಳಿ ವಿಂಚೆಸ್ಟರ್ ಕಾಲೇಜಿನ ಒಡೆತನದಲ್ಲಿದ್ದಾಗ, 1426–27ರಲ್ಲಿ ಅದನ್ನು ಕಟ್ಟಿದರು. ಉದ್ದ ಸುಮಾರು 58 ಮೀಟರ್, ಅಗಲ ಸುಮಾರು 12, ಎತ್ತರ ಸುಮಾರು 11. ಹನ್ನೆರಡು ಅಂಕಣ. ಒಂದೊಂದು ಓಕ್ ಕಂಬವೂ ಕಲ್ಲಿನ ಪೀಠದ ಮೇಲೆ ನಿಂತಿದೆ, ಆ ಕಲ್ಲೇ ನೆಲದ ತೇವ ಮರಕ್ಕೆ ಏರದಂತೆ ಆರುನೂರು ವರ್ಷ ಕಾಪಾಡಿದೆ. ಮೂಲ ಮರದ ಬಹುಭಾಗ ಹಾಗೆಯೇ ಇದೆ. ಕವಿ ಜಾನ್ ಬೆಟ್ಜಮನ್ ಅದನ್ನು ‘ಮಿಡ್ಲ್‌ಸೆಕ್ಸ್‌ನ ಕೆಥೆಡ್ರಲ್’ ಎಂದು ಕರೆದಿದ್ದರು (ಮಿಡ್ಲ್‌ಸೆಕ್ಸ್ ಆ ಭಾಗದ ಹಳೆಯ ಕೌಂಟಿಯ ಹೆಸರು).

1970ರ ದಶಕದವರೆಗೂ ಅದು ಹೊಲದ ಕೆಲಸದಲ್ಲಿತ್ತು. ಆಮೇಲೆ ಕೈಯಿಂದ ಕೈಗೆ ಹೋಗಿ, ಹೆಂಚು ಜಾರಿ, ನಿರ್ಲಕ್ಷ್ಯಕ್ಕೆ ಸಿಕ್ಕಿತು. ಸ್ಥಳೀಯರು ಬೆನ್ನುಬಿಡದೆ ಹೋರಾಡಿದರು. 2012ರಲ್ಲಿ ಐತಿಹಾಸಿಕ ಕಟ್ಟಡಗಳನ್ನು ನೋಡಿಕೊಳ್ಳುವ ಸಂಸ್ಥೆ ಇಂಗ್ಲಿಷ್ ಹೆರಿಟೇಜ್ 20,000 ಪೌಂಡ್‌ಗೆ ಅದನ್ನು ಕೊಂಡು ದುರಸ್ತಿ ಮಾಡಿಸಿತು. ಆದರೂ ನೆಮ್ಮದಿಯಿಲ್ಲ. ಹೀತ್ರೂನ ಮೂರನೇ ರನ್‌ವೇ ಯೋಜನೆ ಮತ್ತೆ ಮತ್ತೆ ಏಳುತ್ತದೆ, ಅದು ಜಾರಿಯಾದರೆ ಹಳ್ಳಿಯ ದೊಡ್ಡ ಭಾಗ ಹೋಗಿ ವಿಮಾನ ನಿಲ್ದಾಣದ ಅಂಚು ಬಾರ್ನ್‌ನ ಪಕ್ಕಕ್ಕೇ ಬರುತ್ತದೆ. ಕಟ್ಟಡವನ್ನು ಉಳಿಸಿ ಸುತ್ತಲಿನ ಹಳ್ಳಿಯನ್ನು ಅಳಿಸಿದರೆ ಅದನ್ನು ಸಂರಕ್ಷಣೆ ಎಂದು ಕರೆಯಲು ನಾನು ಸಿದ್ಧನಿಲ್ಲ.

ಗೋಡೆಗಳು ಕಪ್ಪಗೇಕೆ? ಚಾವಣಿ ಅಷ್ಟು ಕಡಿದೇಕೆ?

ಹಲಗೆಗಳಿಗೆ ಟಾರು ಬಳಿದಿದ್ದಾರೆ. ಮೊದಲಿಗೆ ಬಹಳಷ್ಟು ಬಾರ್ನ್‌ಗಳ ಗೋಡೆ ಕಡ್ಡಿ ಹೆಣೆದು ಮಣ್ಣು ಮೆತ್ತಿದ್ದು, ಅಥವಾ ಬಣ್ಣ ಕಾಣದ ಎಲ್ಮ್, ಓಕ್ ಹಲಗೆಯದು. ಅದು ಬಿಸಿಲು ಮಳೆಗೆ ಬೂದಿಬಣ್ಣಕ್ಕೆ ತಿರುಗುತ್ತದೆ. ಟಾರು ಅಗ್ಗವಾದ ಮೇಲೆ, ಮುಖ್ಯವಾಗಿ 19ನೇ ಶತಮಾನದಲ್ಲಿ, ಕಪ್ಪು ಎಲ್ಲೆಡೆ ಹರಡಿತು. ಹಲಗೆಗಳ ನಡುವಿನ ಸಂದುಗಳಿಂದ ಗಾಳಿ ಒಳಗೆ ಬಂದು ಸಿವುಡುಗಳು ಬೂಷ್ಟು ಹಿಡಿಯದಂತೆ ಕಾಯುತ್ತದೆ. ಕಲ್ಲಿನ ಬಾರ್ನ್‌ಗಳಲ್ಲಿ ಇದೇ ಕೆಲಸಕ್ಕೆ ಸೀಳುಗಿಂಡಿಗಳಿವೆ. ಗೋಡೆಯ ನೆತ್ತಿಯಲ್ಲಿ ಗೂಬೆಗೆಂದೇ ಬಿಟ್ಟ ಕಿಂಡಿಯೂ ಉಂಟು. ಇಲಿ ಹಿಡಿಯಲು ಅದಕ್ಕಿಂತ ಒಳ್ಳೆಯ ಆಳು ಸಿಗುತ್ತಿರಲಿಲ್ಲ.

ಚಾವಣಿ ಕಡಿದಾಗಿರುವುದು ಹುಲ್ಲಿನ ಹೊದಿಕೆಗೆ. ನೀರು ನಿಲ್ಲದೆ ಜಾರಬೇಕು.

ಇವು ಕೆಲಸ ಕಳೆದುಕೊಂಡದ್ದು ಹೇಗೆ?

1786ರಲ್ಲಿ ಸ್ಕಾಟ್‌ಲೆಂಡಿನ ಆಂಡ್ರ್ಯೂ ಮೀಕಲ್ ಒಕ್ಕಣೆ ಯಂತ್ರವನ್ನು ಯಶಸ್ವಿಯಾಗಿ ಓಡಿಸಿದ. ಮೊದಲು ಯಂತ್ರ ಬಾರ್ನ್‌ನೊಳಗೇ ಬಂತು. ಅದನ್ನು ತಿರುಗಿಸುವ ಕುದುರೆಗಳು ಸುತ್ತಲು ಪಕ್ಕದಲ್ಲಿ ದುಂಡನೆಯ ಸೂರು ಕಟ್ಟಿದರು. ಕೂಲಿಯವರ ಚಳಿಗಾಲದ ದುಡಿಮೆ ಹೋಯಿತು. 1830ರ ಆಗಸ್ಟಿನಲ್ಲಿ ಕೆಂಟ್‌ನಲ್ಲಿ ಆರಂಭವಾದ ಸ್ವಿಂಗ್ ದಂಗೆಯಲ್ಲಿ ಅವರು ಮೊದಲು ಒಡೆದದ್ದು ಈ ಯಂತ್ರಗಳನ್ನೇ. ಹಬೆಯಂತ್ರ ಬಂದ ಮೇಲೆ ಒಕ್ಕಣೆ ಅಂಗಳಕ್ಕೆ ಇಳಿಯಿತು, 20ನೇ ಶತಮಾನದಲ್ಲಿ ಕೊಯ್ಲು, ಒಕ್ಕಣೆ ಎರಡನ್ನೂ ಮಾಡುವ ಕಂಬೈನ್ ಯಂತ್ರ ಅದನ್ನು ಹೊಲಕ್ಕೇ ಒಯ್ದಿತು. ಉಳಿದ ಬಾರ್ನ್‌ಗಳಲ್ಲಿ ದನ, ಟ್ರಾಕ್ಟರ್, ಗೊಬ್ಬರದ ಚೀಲ ತುಂಬಿದರು. ಆಮೇಲೆ ಟ್ರಾಕ್ಟರೂ ಬಾಗಿಲಿಗಿಂತ ದೊಡ್ಡದಾಯಿತು.

ಬಾರ್ನ್‌ಗಳನ್ನು ಮನೆಗಳಾಗಿ ಬದಲಿಸುವುದು ಸರಿಯೇ?

ಕಟ್ಟಡ ಬೀಳುವುದಕ್ಕಿಂತ ಬಳಕೆಯಲ್ಲಿರುವುದು ಮೇಲು ಎಂಬ ವಾದಕ್ಕೆ ತೂಕವಿದೆ. ಖಾಲಿ ಬಿಟ್ಟ ಬಾರ್ನ್‌ನ ಚಾವಣಿ ಸೋರಲು ಶುರುವಾದರೆ ಹತ್ತಿಪ್ಪತ್ತು ವರ್ಷದಲ್ಲಿ ಕಥೆ ಮುಗಿಯಿತು.

ಆದರೆ ಬಾರ್ನ್‌ನ ಮುಖ್ಯ ಸಂಪತ್ತು ಅದರ ಖಾಲಿತನ. ಒಂದು ತುದಿಯಿಂದ ಇನ್ನೊಂದು ತುದಿಗೆ, ನೆಲದಿಂದ ನೆತ್ತಿಯವರೆಗೆ ತಡೆಯಿಲ್ಲದೆ ಕಣ್ಣು ಓಡಬೇಕು. ಚೌಕಟ್ಟು ಅರ್ಥವಾಗುವುದೇ ಆಗ. ಮನೆ ಮಾಡುವವರಿಗೆ ಮಲಗುವ ಕೋಣೆ ಬೇಕು, ಮಹಡಿ ಬೇಕು, ಕಿಟಕಿ ಬೇಕು. ಮಹಡಿ ಹಾಕಿದ ಕೂಡಲೇ ಕಂಬ ಅರ್ಧಕ್ಕೆ ತುಂಡಾಗುತ್ತದೆ, ಅಡ್ಡತೊಲೆ ತಲೆಗೆ ಬಡಿಯುತ್ತದೆ, ಓರೆಗೋಲು ಬಾಗಿಲಿಗೆ ಅಡ್ಡಬಂದು ಕತ್ತರಿಸಿಹೋಗುತ್ತದೆ. ಹೊರಗಿನಿಂದ ಬಾರ್ನ್, ಒಳಗೆ ಯಾವುದೋ ಬಡಾವಣೆಯ ಮನೆ. ಸಣ್ಣ, ಸಾಧಾರಣ ಬಾರ್ನ್‌ಗಳನ್ನು ಎಚ್ಚರದಿಂದ ಬದಲಿಸಿದರೆ ನನ್ನ ತಕರಾರಿಲ್ಲ. ಪಕ್ಕಸಾಲುಗಳುಳ್ಳ ದೊಡ್ಡ ಮಧ್ಯಯುಗದ ಬಾರ್ನ್‌ಗಳಲ್ಲಿ ಗೋಡೆ ಎಬ್ಬಿಸಲೇಬಾರದು. ಸಂಗೀತ ಕಛೇರಿ, ಮದುವೆ, ಸಂತೆ, ಮರಗೆಲಸದ ತರಬೇತಿ ಏನಾದರೂ ನಡೆಯಲಿ. ಇವು ಮುಗಿದ ಮರುದಿನ ಜಾಗ ಮತ್ತೆ ಖಾಲಿಯಾಗುತ್ತದೆ.

ಕಾನೂನಿನ ಮಟ್ಟಿಗೆ: ಸಂರಕ್ಷಿತ ಪಟ್ಟಿಯಲ್ಲಿರುವ ಬಾರ್ನ್‌ನ ಸ್ವರೂಪಕ್ಕೆ ಧಕ್ಕೆಯಾಗುವ ಕೆಲಸವನ್ನು ಅನುಮತಿಯಿಲ್ಲದೆ ಮಾಡುವುದು ಅಪರಾಧ. ಒಳಗೆ ಬಾವಲಿ ಅಥವಾ ಕಣಜ ಗೂಬೆ (ಬಾರ್ನ್ ಔಲ್) ವಾಸವಿದ್ದರೆ ವನ್ಯಜೀವಿ ಕಾಯಿದೆಗಳೂ ಅನ್ವಯಿಸುತ್ತವೆ.

ಕೊಳೆತ ಕಂಬವನ್ನು ಹೇಗೆ ದುರಸ್ತಿ ಮಾಡುತ್ತಾರೆ?

ಇಡೀ ಕಂಬ ಕಿತ್ತು ಹೊಸದು ಹಾಕುವುದಿಲ್ಲ. ಹಾಳಾಗುವುದು ಹೆಚ್ಚಾಗಿ ಕೆಳಗಿನ ಒಂದೆರಡು ಅಡಿ ಮತ್ತು ನೆಲದ ಅಡಿತೊಲೆ. ಕೊಳೆತಷ್ಟನ್ನೇ ಕತ್ತರಿಸಿ, ಹೊಸ ಓಕ್ ತುಂಡನ್ನು ಹಳೆಯ ಬಡಗಿಗಳ ಕಚ್ಚಿನಲ್ಲೇ ಕೂಡಿಸಿ, ಮರದ ಮೊಳೆ ಬಡಿಯುತ್ತಾರೆ. ಹೊಸ ತುಂಡಿಗೆ ಹಳೆಯ ಬಣ್ಣ ಬಳಿದು ಮರೆಮಾಚುವುದಿಲ್ಲ. 1877ರಲ್ಲಿ ವಿಲಿಯಂ ಮಾರಿಸ್ ಸ್ಥಾಪಿಸಿದ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘ ಅಂದಿನಿಂದಲೂ ಹೇಳುತ್ತಾ ಬಂದಿರುವುದು ಇದನ್ನೇ: ಇದ್ದದ್ದನ್ನು ದುರಸ್ತಿ ಮಾಡಿ, ಇಲ್ಲದ್ದನ್ನು ಊಹಿಸಿ ಕಟ್ಟಬೇಡಿ. ಮಣ್ಣಿನ, ಇಟ್ಟಿಗೆಯ ಗೋಡೆಗೆ ಸಿಮೆಂಟ್ ಬದಲು ಸುಣ್ಣದ ಗಾರೆ ಬಳಸಬೇಕು. ಸಿಮೆಂಟ್ ತೇವವನ್ನು ಒಳಗೇ ಹಿಡಿದಿಟ್ಟು ಮರವನ್ನು ಕೊಳೆಯಿಸುತ್ತದೆ, ತೇವವಾದ ಓಕ್‌ಗೆ ಕೊರೆಹುಳು ಬಿಡುವುದಿಲ್ಲ.

ಲಂಡನ್ನಿಗೆ ಹೋದವರು ಯಾವುದನ್ನು ನೋಡಬೇಕು?

ಅರ್ಧ ದಿನವಿದ್ದರೆ ಹಾರ್ಮಂಡ್ಸ್‌ವರ್ತ್. ಅದು ಎಲ್ಲ ದಿನವೂ ತೆರೆದಿರುವುದಿಲ್ಲ, ಹೊರಡುವ ಮೊದಲು ಇಂಗ್ಲಿಷ್ ಹೆರಿಟೇಜ್‌ನ ಜಾಲತಾಣದಲ್ಲಿ ದಿನಾಂಕ ನೋಡಿಕೊಳ್ಳಿ. ಒಂದು ಇಡೀ ದಿನವಿದ್ದರೆ ಎಸೆಕ್ಸ್‌ಗೆ ಹೋಗಿ. ಕ್ರೆಸಿಂಗ್ ಟೆಂಪಲ್ ಮತ್ತು ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆಯ ಆಡಳಿತದಲ್ಲಿರುವ ಕಾಗ್ಸ್‌ಹಾಲ್ ಬಾರ್ನ್ ಹತ್ತಿರ ಹತ್ತಿರದಲ್ಲಿವೆ. ಪೂರ್ತಿ ಬಿಚ್ಚಿ ತಂದು ಮತ್ತೆ ಕಟ್ಟಿದ ಬಾರ್ನ್‌ಗಳನ್ನು ಒಂದೇ ಕಡೆ ನೋಡಬೇಕಾದರೆ ಪಶ್ಚಿಮ ಸಸೆಕ್ಸ್‌ನ ಸಿಂಗಲ್ಟನ್‌ನಲ್ಲಿರುವ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಬಯಲು ಸಂಗ್ರಹಾಲಯ.

ಒಂದು ಟಾರ್ಚ್ ಜೊತೆಗಿರಲಿ. ಬೆಳಕನ್ನು ತೊಲೆಗೆ ಎದುರಾಗಿ ಹಿಡಿಯದೆ ಪಕ್ಕದಿಂದ ಓರೆಯಾಗಿ ಬೀಳಿಸಿದರೆ ಬಡಗಿಯ ಅಂಕಿಗಳು, ಕೊಡಲಿಯ ಏಟುಗಳು ಎದ್ದು ಕಾಣುತ್ತವೆ. ಮೊದಲು ಕಂಬದ ತಲೆ ನೋಡಿ, ಆಮೇಲೆ ಉದ್ದತೊಲೆಯ ಜೋಡಣೆ ಹುಡುಕಿ, ಕೊನೆಗೆ ಕಂಬದ ಬುಡದಲ್ಲಿ ಹೊಸ ಮರ ಎಲ್ಲಿಂದ ಶುರುವಾಗುತ್ತದೆಂದು ಗುರುತಿಸಿ.